ಬೋರ್ಡಿನ ಮೇಲೆ ಏನಂತ ಬರೆಸೋಣ?

ಜಾಗಕ್ಕೆ ಮಾನ ಅಂತ ಒಂದು ಇರುತ್ತದೆಯೇ? ಇದ್ದರೆ ಅದು ಎಲ್ಲಿಂದ ಬರುತ್ತದೆ? ಅಲ್ಲಿ ನಡೆಯುವ ಕೆಲಸದಿಂದ ಜಾಗಕ್ಕೆ ಮರ್ಯಾದೆ ಬರುತ್ತದೋ, ಜಾಗದಿಂದ ಕೆಲಸಕ್ಕೆ ಬರುತ್ತದೋ? ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯದ ಥರ ಕೇಳಿಸುವ ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಬೆಂಗಳೂರಿನಲ್ಲಿ ಬಾಡಿಗೆಗೆ ಒಂದು ಹಾಲ್ ಹುಡುಕುವಾಗ.

ಹಾಲ್ ಬೇಕಿದ್ದದ್ದು ನನಗಲ್ಲ, ನನ್ನ ಗೆಳತಿಗೆ. ಆರು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ನಾನು ಬರೆದ ಕೋಡಿನಲ್ಲಿ ಬಗ್ ಹಿಡಿಯುತ್ತಿದ್ದವಳು. ಶನಿವಾರ ಭಾನುವಾರ ಬೆಲ್ಲಿ ಡ್ಯಾನ್ಸ್ ಕಲಿತಳು, ಆಮೇಲೆ ಕಲಿಸತೊಡಗಿದಳು, ಕೊನೆಗೆ ಕೆಲಸ ಬಿಟ್ಟು ಪೂರ್ತಿ ಅದಕ್ಕೇ ಇಳಿದಳು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿದ್ದ ಜಾಗ ಕೈಬಿಟ್ಟುಹೋದಾಗ ಅವಳ ಹತ್ತಿರ ಇದ್ದದ್ದು 18 ವಿದ್ಯಾರ್ಥಿನಿಯರು, ಅವರು ಮುಂಗಡ ಕೊಟ್ಟಿದ್ದ ಮೂರು ತಿಂಗಳ ಫೀಸು, ಮತ್ತು ಮೂರು ವಾರದ ಗಡುವು. ಅಷ್ಟರೊಳಗೆ ಜಾಗ ಸಿಗದಿದ್ದರೆ ಫೀಸು ವಾಪಸ್ ಕೊಡಬೇಕು. ಕೊಟ್ಟರೆ ಡೆಪಾಸಿಟ್ಟಿಗೆ ದುಡ್ಡಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಏನೂ ಹೊಸದಲ್ಲವಲ್ಲ.

"ನೀನು ಜತೆಗೆ ಬಾರೋ," ಅಂದಳು. "ಗಂಡಸೊಬ್ಬ ಪಕ್ಕದಲ್ಲಿದ್ರೆ ಓನರ್‌ಗಳು ಮೊದಲನೇ ಪ್ರಶ್ನೆ ನಿನ್ನ ಮುಖ ನೋಡಿ ಕೇಳ್ತಾರೆ. ಎರಡನೇದನ್ನಾದ್ರೂ ನನಗೆ ಕೇಳ್ತಾರೆ. ಒಬ್ಳೇ ಹೋದ್ರೆ ಪ್ರಶ್ನೇನೇ ಇರಲ್ಲ, ಬರೀ ನೋಟ."

ಹೀಗೆ ನಾನು ಮೂರು ಶನಿವಾರ ಅವಳ ಜತೆ ಮೆಟ್ಟಿಲು ಹತ್ತಿ ಇಳಿದೆ.

ಅವಳಿಗೆ ಬೇಕಿದ್ದದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನೈತಿಕತೆಯ ಚರ್ಚೆ ಶುರುವಾಗುವುದು ಇಂಥ ಅಳತೆಗಳಿಂದಲೇ. ಒಬ್ಬರು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದರೆ ಪಕ್ಕದವರಿಗೆ ತಾಗಬಾರದು. ತಲೆಗೆ 30 ಚದರ ಅಡಿ ಅಂತ ಅವಳ ಲೆಕ್ಕ. ಬ್ಯಾಚಿಗೆ 12 ಜನ ಅಂದರೆ, ಟೀಚರ್ ನಿಲ್ಲುವ ಜಾಗವೂ ಸೇರಿ 400 ಚದರ ಅಡಿಗೆ ಕಡಿಮೆ ಆಗಬಾರದು. ನಡುವೆ ಕಂಬ ಇರಬಾರದು. ಕೋಲು ತಿರುಗಿಸುವ, ರೇಷ್ಮೆ ಬಟ್ಟೆ ಬೀಸುವ ಪಾಠಗಳಿರುವುದರಿಂದ ಸೂರು ಎತ್ತರ ಬೇಕು, ಫ್ಯಾನ್ ಕೆಳಗೆ ಇಳಿಬಿದ್ದಿರಬಾರದು. ಈ ಕುಣಿತದ ಮೂಲ ಕಸುಬೇ ಬಿಡಿಸುವುದು: ಎದೆ ಅಲ್ಲಾಡದೆ ಸೊಂಟ ಮಾತ್ರ ಚಲಿಸಬೇಕು, ಸೊಂಟ ನಿಂತಲ್ಲೇ ನಿಂತು ಎದೆ ಮಾತ್ರ ತಿರುಗಬೇಕು. ಇದು ಮೈಗೆ ಅಭ್ಯಾಸ ಆಗುವ ಮುಂಚೆ ಕಣ್ಣಿಗೆ ಕಾಣಬೇಕು. ಹಾಗಾಗಿ ಮುಖ ನೋಡಿಕೊಳ್ಳುವ ಕನ್ನಡಿ ಸಾಲದು, ನೆಲದಿಂದಲೇ ಏಳುವ ಕನ್ನಡಿ ಬೇಕು. ಬಟ್ಟೆ ಬದಲಿಸುವುದಕ್ಕೆ ಚಿಲಕ ಇರುವ ಕೋಣೆ. ರಾತ್ರಿ ಎಂಟೂವರೆಗೆ ಕ್ಲಾಸ್ ಮುಗಿಸಿ ಇಳಿಯುವವರಿಗೆ ಮೆಟ್ಟಿಲಲ್ಲಿ ದೀಪ. ನಡೆದು ಹೋಗುವ ದೂರದಲ್ಲಿ ಮೆಟ್ರೋ ಅಥವಾ ಬಸ್ ಸ್ಟಾಪ್.

ಎಲ್ಲಕ್ಕಿಂತ ಮುಖ್ಯವಾಗಿ, ನೆಲ. ನಮ್ಮ ಕಮರ್ಷಿಯಲ್ ಕಟ್ಟಡಗಳ ನೆಲ ಅಂದರೆ ಕಾಂಕ್ರೀಟಿನ ಮೇಲೆ ಹಾಸಿದ ವಿಟ್ರಿಫೈಡ್ ಟೈಲ್ಸ್. ನೋಡಲು ಮಿಂಚುತ್ತದೆ, ಒರೆಸಲು ಸುಲಭ, ಕುಣಿಯಲು ಮಾತ್ರ ಕೆಟ್ಟದ್ದು. ಬರಿಗಾಲಿನ ಬೆವರು ಬಿದ್ದರೆ ಜಾರುತ್ತದೆ. ಹೆಜ್ಜೆ ಇಟ್ಟಾಗ ಅದು ಒಂಚೂರೂ ಬಗ್ಗುವುದಿಲ್ಲ, ಹಾಗಾಗಿ ಬಗ್ಗುವ ಕೆಲಸ ಪೂರ್ತಿ ಹಿಮ್ಮಡಿ, ಮೊಣಕಾಲು, ಸೊಂಟದ ಪಾಲಿಗೆ ಬರುತ್ತದೆ. ಒಳ್ಳೆಯ ನೃತ್ಯಶಾಲೆಗಳಲ್ಲಿ ಮರದ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ, ಕೆಳಗೆ ರಬ್ಬರ್ ಅಥವಾ ಫೋಮ್ ಕೊಟ್ಟು, ನೆಲವೇ ಸ್ವಲ್ಪ ಕುಗ್ಗಿ ಏಳುವಂತೆ ಮಾಡಿರುತ್ತಾರೆ. ಅದಕ್ಕೆ ದುಡ್ಡು ಬೇಕು.

ಇಲ್ಲಿ ಒಂದು ಸಂಗತಿ ಗಮನಿಸಿ. ಕಲಿಯಲು ಬರುವ ಯಾರೂ ನೆಲದ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಗೋಡೆಯ ಬಣ್ಣ ನೋಡುತ್ತಾರೆ, ಎಸಿ ಇದೆಯಾ ಅಂತ ಕೇಳುತ್ತಾರೆ. ಒಂದು ವರ್ಷದ ನಂತರ ಮೊಣಕಾಲು ನೋಯತೊಡಗಿದರೆ "ವಯಸ್ಸಾಯ್ತು" ಅಂದುಕೊಳ್ಳುತ್ತಾರೆಯೇ ಹೊರತು "ಟೈಲ್ಸ್" ಅನ್ನುವುದಿಲ್ಲ. ಅಂದರೆ ಟೀಚರ್ ಕಡಿಮೆ ಬಾಡಿಗೆಗೆ ಕೆಟ್ಟ ನೆಲ ಹಿಡಿದರೆ ಉಳಿದ ದುಡ್ಡು ಅವಳದ್ದು, ನೋವು ಇನ್ನೊಬ್ಬರದ್ದು, ಸಾಕ್ಷಿ ಇಲ್ಲವೇ ಇಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇಂಥವು ಇವೆ. ಬಳಸುವವನಿಗೆ ಎಂದೂ ಗೊತ್ತಾಗದ ಜಾಗದಲ್ಲಿ ನಾವು ಮಾಡುವ ಕೆಲಸದ ಗುಣಮಟ್ಟ ಪೂರ್ತಿ ನಮ್ಮ ಮನಸ್ಸಿಗೆ ಬಿಟ್ಟದ್ದು. ಬೇರೆಯವರು ಪರೀಕ್ಷೆ ಮಾಡುವ ಕಡೆ ನಾವು ಪ್ರಾಮಾಣಿಕರಾಗಿರುವುದು ಬರೀ ಜಾಣತನ. ಪರೀಕ್ಷೆಯೇ ಇಲ್ಲದ ಕಡೆ ನೈತಿಕತೆ ಶುರುವಾಗುತ್ತದೆ. ಇಷ್ಟನ್ನು ಒಪ್ಪುವುದು ಸುಲಭ. ಕಷ್ಟದ ಪ್ರಶ್ನೆಗಳು ಮುಂದೆ ಇದ್ದವು.

ಮೊದಲು ಸಿಕ್ಕಿದ್ದು ಒಂದು ಬೇಸ್‌ಮೆಂಟ್. ಬಾಡಿಗೆ ಉಳಿದೆಡೆಗಿಂತ ಸುಮಾರು ಅರ್ಧ. ಓನರ್ ಏನನ್ನೂ ಕೇಳಲಿಲ್ಲ. "ಏನ್ ಬೇಕಾದ್ರೂ ಮಾಡ್ಕೊಳಿ ಸಾರ್, ಕೆಳಗಡೆ ಯಾರಿಗೂ ಕಾಣ್ಸಲ್ಲ," ಅಂದ. ಅವನು ಹೇಳಿದ್ದು ಉದಾರವಾದ ಮಾತಿನ ಹಾಗೇ ಇತ್ತು. ಆದರೆ ಇಳಿಯುವುದಕ್ಕೂ ಹತ್ತುವುದಕ್ಕೂ ಇದ್ದದ್ದು ಒಂದೇ ಮೆಟ್ಟಿಲು, ಅದರ ಅರ್ಧ ಭಾಗದಲ್ಲಿ ಪಕ್ಕದ ಅಂಗಡಿಯ ರಟ್ಟಿನ ಪೆಟ್ಟಿಗೆಗಳು. 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಯಾರೂ ಮರೆಯುವಂಥದ್ದಲ್ಲ. ಅವತ್ತಿನಿಂದ ಹೊರಗೆ ಹೋಗುವ ದಾರಿ ನೋಡದೆ ನಾನು ಯಾವ ಕಟ್ಟಡದಲ್ಲೂ ಕೂರುವುದಿಲ್ಲ. ಬೇಸ್‌ಮೆಂಟ್ ಬೇಡ ಅಂದಳು.

ಎರಡನೆಯದು ಮೇನ್ ರೋಡಿನ ಮೇಲೆ, ಮೊದಲನೇ ಮಹಡಿ, ಮುಂಭಾಗ ಪೂರ್ತಿ ಗಾಜು. ಕೆಳಗೆ ಸಿಗ್ನಲ್. ಓನರ್ ನಮ್ಮ ವಯಸ್ಸಿನವನೇ, ಬಹಳ ಉತ್ಸಾಹಿ. ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಬಿಡುತ್ತೇನೆ ಅಂದ. ಷರತ್ತು ಒಂದೇ, ಪರದೆ ಹಾಕಬಾರದು. "ಹೊರಗಿಂದ ಕಾಣ್ಬೇಕು ಮೇಡಂ, ಸಿಗ್ನಲ್ಲಲ್ಲಿ ನಿಂತವ್ರೆಲ್ಲಾ ನೋಡ್ತಾರೆ. ನಿಮ್ಗೂ ಪ್ರಚಾರ, ಬಿಲ್ಡಿಂಗ್‌ಗೂ ಪ್ರಚಾರ."

ಹೊರಗೆ ಬಂದ ಮೇಲೆ ಅವಳು ಹೇಳಿದ್ದು ಇನ್ನೂ ನೆನಪಿದೆ. "ನೋಡು, ಅವನು ಬಚ್ಚಿಡೋಣ ಅಂದ, ಇವನು ತೋರಿಸೋಣ ಅಂದ. ಇಬ್ರೂ ಹೇಳಿದ್ದು ಒಂದೇ." ಹೌದಲ್ಲ ಅನ್ನಿಸಿತು. ಬೇಸ್‌ಮೆಂಟಿನವನಿಗೂ ಗಾಜಿನ ಮನೆಯವನಿಗೂ ಈ ಕುಣಿತ ಅಂದರೆ ನೋಡುವವನ ವಿಷಯ. ಒಬ್ಬ ನೋಡುವವನಿಂದ ತಪ್ಪಿಸಬೇಕು ಅಂದುಕೊಂಡ, ಇನ್ನೊಬ್ಬ ನೋಡುವವನಿಗೆ ಮಾರಬೇಕು ಅಂದುಕೊಂಡ. ಆಫೀಸಿನ ಸುಸ್ತು ಕಳೆಯಲು, ಎರಡನೇ ಹೆರಿಗೆಯ ನಂತರ ತನ್ನ ಮೈ ತನಗೇ ವಾಪಸ್ ಸಿಗಲಿ ಅಂತ, ಅಥವಾ ಸುಮ್ಮನೆ ಖುಷಿಗೆ ಬರುವ 18 ಜನ ಹೆಂಗಸರು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.

ಮೂರನೆಯದು ಒಂದು ಮನೆಯ ಮೇಲಿನ ಹಾಲ್. ದೊಡ್ಡ ಕಿಟಕಿಗಳು, ರೆಡ್ ಆಕ್ಸೈಡ್ ನೆಲ, ಗಾಳಿ ಬೆಳಕು. ಹಿರಿಯರು ಕೂರಿಸಿ ಕಾಫಿ ಕೊಟ್ಟರು. ಯಾವ ಡ್ಯಾನ್ಸ್ ಅಂತ ಕೇಳಿದರು, ಅವಳು ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ. ಭರತನಾಟ್ಯ ಆಗಿದ್ರೆ ಕೊಡ್ತಿದ್ದೆ. ಮನೇಲಿ ದೇವ್ರಿದೆ," ಅಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕಷ್ಟಪಟ್ಟೇ ಹೇಳಿದರು.

ಈ ಒಂದು ವಾಕ್ಯದಲ್ಲಿ ನೂರು ವರ್ಷದ ಚರಿತ್ರೆ ಅಡಗಿದೆ. ಇವತ್ತು ಭರತನಾಟ್ಯಕ್ಕೆ ದೇವರಿರುವ ಮನೆಯ ಬಾಗಿಲು ತೆರೆದಿದೆ. ಆದರೆ ನೂರು ವರ್ಷದ ಹಿಂದೆ ಇದೇ ಕುಣಿತವನ್ನು ದೇವಸ್ಥಾನದಿಂದಲೇ ಹೊರಗಟ್ಟಲಾಗುತ್ತಿತ್ತು. ಮೈಸೂರು ಸಂಸ್ಥಾನ 1909ರ ಸುಮಾರಿಗೆ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮದ್ರಾಸಿನಲ್ಲಿ 1947ರಲ್ಲಿ ಕಾಯಿದೆಯೇ ಬಂತು. ನಡುವೆ, 1935ರಲ್ಲಿ, ರುಕ್ಮಿಣೀ ದೇವಿ ಅರುಂಡೇಲ್ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಸಭೆಯ ಮುಂದೆ ಕುಣಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ಹೆಜ್ಜೆ, ಮುದ್ರೆ, ಅಡವು ಹೆಚ್ಚುಕಡಿಮೆ ಹಳೆಯವೇ. ಬದಲಾದದ್ದು ಯಾವ ಜಾಗದಲ್ಲಿ, ಯಾರ ಮುಂದೆ, ಯಾರು ಎಂಬುದು. ಅಡ್ಯಾರಿನ ಮರ್ಯಾದೆ ಕುಣಿತಕ್ಕೆ ಅಂಟಿಕೊಂಡಿತು. ದೇವದಾಸಿ ಪರಂಪರೆಯಿಂದ ಬಂದ ಬಾಲಸರಸ್ವತಿಯವರು ಶೃಂಗಾರವನ್ನು ಹೀಗೆ ತೊಳೆದು ಶುದ್ಧ ಮಾಡುವ ಅಗತ್ಯವಿಲ್ಲ, ಅದರಲ್ಲಿ ಕೊಳೆಯೇ ಇಲ್ಲ ಎಂಬ ನಿಲುವಿನಲ್ಲಿ ಕೊನೆಯವರೆಗೂ ನಿಂತರು. ನಮ್ಮ ಮೈಸೂರಿನಲ್ಲೇ ನೋಡಿ. ಕಡೂರು ಕಡೆಯ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷ್ಮಮ್ಮ, ಜಟ್ಟಿ ತಾಯಮ್ಮನವರ ಬಳಿ ಕಲಿತು ಅರಮನೆಯ ನರ್ತಕಿಯಾದವರು. ಅರಮನೆಯ ಕಾಲ ಮುಗಿದ ಮೇಲೆ 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಬಂತು. ಅರಮನೆಯಲ್ಲಿ ಮಾಡುತ್ತಿದ್ದ ಅದೇ ಅಭಿನಯ ಕ್ಲಾಸ್‌ರೂಮಿನಲ್ಲಿ ವಿದ್ಯೆ ಆಯಿತು.

ಈಜಿಪ್ಟಿನ ಕಥೆಯೂ ಬೇರೆಯಲ್ಲ. ಬೆಲ್ಲಿ ಡ್ಯಾನ್ಸ್ ಅನ್ನುವುದು ಅಲ್ಲಿಯವರು ಇಟ್ಟ ಹೆಸರೇ ಅಲ್ಲ. ಅವರಿಗೆ ಅದು ರಕ್ಸ್ ಶರ್ಕಿ, ಅಂದರೆ ಪೂರ್ವದ ಕುಣಿತ. ಹೆಂಗಸರ ನಡುವೆ, ಮನೆಗಳೊಳಗೆ ಹಾಡಿ ಕುಣಿಯುತ್ತಿದ್ದವಳನ್ನು 'ಆಲ್ಮಾ' ಅನ್ನುತ್ತಿದ್ದರು. ಆ ಪದದ ಅರ್ಥ ವಿದ್ಯಾವಂತೆ ಅಂತ. ಬೀದಿಯಲ್ಲಿ ಕುಣಿಯುತ್ತಿದ್ದ ಘವಾಜೀ ಹೆಂಗಸರನ್ನು ಮಾತ್ರ 1834ರಲ್ಲಿ ಅಲ್ಲಿನ ದೊರೆ ಮಹಮ್ಮದ್ ಅಲಿ ಪಾಷಾ ಕೈರೋದಿಂದ ಹೊರದಬ್ಬಿ ದಕ್ಷಿಣದ ಎಸ್ನಾದಂಥ ಊರುಗಳಿಗೆ ಅಟ್ಟಿದ. ಮನೆಯೊಳಗಿನವಳು ವಿದ್ಯಾವಂತೆ, ಬೀದಿಯವಳು ಗಡೀಪಾರು. 1926ರಲ್ಲಿ ಬದಿಯಾ ಮಸಾಬ್ನಿ ಎಂಬಾಕೆ ಕೈರೋದಲ್ಲಿ ಸ್ವಂತ ರಂಗಶಾಲೆ ತೆರೆದಳು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅಲ್ಲಿಂದಲೇ ಬಂದು ಸಿನಿಮಾ ತಾರೆಯರಾದರು. ಆ ವೇದಿಕೆ ಹೆಸರನ್ನಷ್ಟೇ ತರಲಿಲ್ಲ, ಕುಣಿತವನ್ನೇ ಬದಲಿಸಿತು. ಚಾಪೆಯಷ್ಟು ಜಾಗದಲ್ಲಿ ನಿಂತಲ್ಲೇ ಆಗುತ್ತಿದ್ದದ್ದು ವೇದಿಕೆಯ ಉದ್ದಗಲಕ್ಕೂ ಓಡಾಡತೊಡಗಿತು, ಕೈಗಳು ಮೇಲೆದ್ದವು, ಹಿಂದೆ ದೊಡ್ಡ ವಾದ್ಯವೃಂದ ಬಂತು. ಕೋಣೆ ಬದಲಾದರೆ ಕಲೆಯೂ ಬದಲಾಗುತ್ತದೆ.

ಇನ್ನೊಂದು ಸಂಗತಿ ನಮಗೆ ಬಹಳ ಹತ್ತಿರದ್ದು. 1893ರಲ್ಲಿ ಶಿಕಾಗೋದಲ್ಲಿ ವಿಶ್ವ ಮೇಳ ನಡೆಯಿತು. ಅದರ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ, ಸೆಪ್ಟೆಂಬರ್ 11ರಂದು ವಿವೇಕಾನಂದರ ಭಾಷಣ. ಇದು ನಮಗೆ ಶಾಲೆಯಿಂದಲೇ ಬಾಯಿಪಾಠ. ಅದೇ ಮೇಳದ ಇನ್ನೊಂದು ಕಡೆ, ಮಿಡ್‌ವೇ ಎಂಬ ತಮಾಷೆಯ ಬೀದಿಯಲ್ಲಿ, ದೊಡ್ಡ ಜಾಯಿಂಟ್ ವ್ಹೀಲಿನ ಹತ್ತಿರ, 'ಕೈರೋ ಬೀದಿ' ಅಂತ ಒಂದು ಪ್ರದರ್ಶನ ಇತ್ತು. ಅಲ್ಲಿ ಟಿಕೆಟ್ ಇಟ್ಟು ಈ ಕುಣಿತ ತೋರಿಸಿದರು. ಅಮೆರಿಕದಲ್ಲಿ 'ಹೊಟ್ಟೆಯ ಕುಣಿತ' ಎಂಬ ಹೆಸರು ಮನೆಮಾತಾದದ್ದು ಅದರಿಂದಲೇ. ಒಂದೇ ಮೇಳ, ಒಂದೇ ವರ್ಷ, ಪೂರ್ವದೇಶಗಳಿಂದ ಬಂದ ಎರಡು ಸಂಗತಿ. ಒಂದಕ್ಕೆ ಸಭಾಂಗಣ ಸಿಕ್ಕಿತು, ಅದು ಪೂರ್ವದ ಜ್ಞಾನ ಆಯಿತು. ಇನ್ನೊಂದಕ್ಕೆ ಜಾತ್ರೆಯ ಗುಡಾರ ಸಿಕ್ಕಿತು, ಅದು ಪೂರ್ವದ ಚೇಷ್ಟೆ ಆಯಿತು. ಎರಡೂ ಸಮಾನ ಅಂತ ನಾನು ವಾದ ಮಾಡುತ್ತಿಲ್ಲ. ಆದರೆ ಜಾಗ ಅದಲು ಬದಲಾಗಿದ್ದರೆ ಏನಾಗುತ್ತಿತ್ತು ಅಂತ ಒಂದು ಕ್ಷಣ ಯೋಚನೆ ಮಾಡಿ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಕುರುಕ್ಷೇತ್ರ ನಾಟಕ ಆಗುತ್ತಿತ್ತು. ದೇವಸ್ಥಾನದ ಮುಂದಿನ ಬಯಲಲ್ಲೇ ಸೀನ್ಸ್ ಕಟ್ಟುತ್ತಿದ್ದರು. ದ್ರೌಪದಿ, ಉತ್ತರೆಯ ಪಾತ್ರಕ್ಕೆ ಪೇಟೆಯಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಅವರು ಹಾಡಿ ಕುಣಿದರೆ ಹೆಂಗಸರು ಮಕ್ಕಳು ಸಮೇತ ಊರಿಗೆ ಊರೇ ಬೆಳಗಿನ ಜಾವದವರೆಗೆ ಕದಲುತ್ತಿರಲಿಲ್ಲ. ವೇದಿಕೆಗೆ ಬಂದು ನೋಟು ಪಿನ್ ಮಾಡಿ ಹೋಗುವವರೂ ಇದ್ದರು. ಆದರೆ ನಾಟಕ ಮುಗಿದ ಮೇಲೆ ಆ ಕಲಾವಿದೆಯರು ಮಲಗುತ್ತಿದ್ದದ್ದು ಶಾಲೆಯ ಕೋಣೆಯಲ್ಲಿ, ಬೆಂಚು ಜೋಡಿಸಿಕೊಂಡು. ಯಾವ ಮನೆಯೂ ಜಗಲಿ ದಾಟಿಸಿ ಒಳಗೆ ಕರೆದದ್ದು ನಾನು ನೋಡಿಲ್ಲ. ದೇವರ ಮುಂದೆ ಕುಣಿಯಬಹುದಾದವಳು ದೇವರಿರುವ ಮನೆಯಲ್ಲಿ ಮಲಗುವಂತಿಲ್ಲ. ಬೆಂಗಳೂರಿನ ಆ ಹಿರಿಯರು ಕಾಫಿ ಕೊಟ್ಟು ಇಲ್ಲ ಅಂದಾಗ ನನಗೆ ನೆನಪಾದದ್ದು ಆ ಬೆಂಚುಗಳು.

ಹಾಗಾದರೆ ಮನೆ ಓನರ್‌ಗೆ ಇಲ್ಲ ಅನ್ನುವ ಹಕ್ಕಿಲ್ಲವೇ? ಇದೆ. ಕಟ್ಟಡ ಅವರದ್ದು, ಸಾಲ ಅವರದ್ದು. ಆದರೆ ಹಕ್ಕು ಇದೆ ಅನ್ನುವುದೂ ಮಾಡಿದ್ದು ಸರಿ ಅನ್ನುವುದೂ ಒಂದೇ ಅಲ್ಲ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಹೇಳಿದ ಒಂದು ತತ್ವ ಇದೆ. ಒಬ್ಬರ ಸ್ವಾತಂತ್ರ್ಯಕ್ಕೆ ಅಡ್ಡ ಬರಬೇಕಾದರೆ ಅದರಿಂದ ಇನ್ನೊಬ್ಬರಿಗೆ ಕೇಡಾಗುತ್ತದೆ ಎಂಬ ಕಾರಣ ಬೇಕು, ಬರೀ ಇಷ್ಟವಿಲ್ಲ ಅನ್ನುವುದು ಸಾಲದು ಅಂತ. ಅವನು ಮುಖ್ಯವಾಗಿ ಸರ್ಕಾರ, ಸಮಾಜದ ಬಲವಂತದ ಬಗ್ಗೆ ಬರೆದದ್ದು, ಬಾಡಿಗೆ ಕರಾರಿನ ಬಗ್ಗೆ ಅಲ್ಲ. ಆದರೂ ನಮ್ಮ ಹುಡುಕಾಟಕ್ಕೆ ಅದರಿಂದ ಒಂದು ಅಳತೆಗೋಲು ಸಿಕ್ಕಿತು. ಓನರ್ ಕೇಳುವ ಪ್ರಶ್ನೆ ಎಂಥದ್ದು ಅಂತ ನೋಡುವುದು. ಸದ್ದು ಎಷ್ಟಿರುತ್ತೆ? ಎಷ್ಟು ಗಂಟೆಗೆ ಮುಗಿಯುತ್ತೆ? ಗಾಡಿ ಎಲ್ಲಿ ನಿಲ್ಲಿಸ್ತೀರಿ? ನೀರು ಎಷ್ಟು ಬೇಕು? ಇವು ನ್ಯಾಯವಾದ ಪ್ರಶ್ನೆಗಳು, ಯಾಕೆಂದರೆ ಉತ್ತರದಿಂದ ಅವರ ಬದುಕಿಗೆ ವ್ಯತ್ಯಾಸ ಆಗುತ್ತದೆ. ಈಜಿಪ್ಟಿನ ಡೋಲಿನ ತಗ್ಗಿನ ನಾದ ಗೋಡೆಗಿಂತ ನೆಲದ ಮೂಲಕ ಕೆಳಗಿನ ಮನೆಗೆ ಹೋಗುತ್ತದೆ (ಅಂದ ಹಾಗೆ ಆ ಡೋಲಿಗೂ ಅಲ್ಲಿ ತಬ್ಲಾ ಅಂತಲೇ ಹೆಸರು). ರಾತ್ರಿ ಅದನ್ನು ಸಹಿಸಿಕೊಳ್ಳಿ ಅನ್ನುವುದಕ್ಕೆ ನಮಗೂ ಹಕ್ಕಿಲ್ಲ. ಆದರೆ "ಎಂಥವ್ರು ಬರ್ತಾರೆ?", "ಮದುವೆ ಆಗಿದೆಯಾ?", "ಏನು ಬಟ್ಟೆ ಹಾಕ್ತಾರೆ?" ಎಂಬ ಪ್ರಶ್ನೆಗಳ ಉತ್ತರದಿಂದ ಅವರ ನೀರಿನ ಟ್ಯಾಂಕಿಗೆ ಏನೂ ಆಗುವುದಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಆಕ್ಷೇಪ ಎತ್ತಬಹುದು. ಆ ಹಿರಿಯರಿಗೆ ನಿಜವಾಗಿ ಮುಜುಗರ ಆಗುತ್ತಿತ್ತಲ್ಲ, ಮುಜುಗರ ಕೇಡಲ್ಲವೇ? ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಸದ್ದು ಕಡಿಮೆ ಮಾಡಬಹುದು, ಟೈಮ್ ಬದಲಿಸಬಹುದು, ಕಿಟಕಿಗೆ ಪರದೆ ಹಾಕಬಹುದು. ಕಾಣದ, ಕೇಳದ ಕಡೆ ಒಬ್ಬಳು ಕುಣಿಯುತ್ತಿದ್ದಾಳೆ ಎಂಬ ಅರಿವೇ ಕಷ್ಟ ಅಂದರೆ ಅದನ್ನು ಕಡಿಮೆ ಮಾಡಲು ಅವಳು ಇಲ್ಲವಾಗುವುದು ಬಿಟ್ಟು ಬೇರೆ ದಾರಿಯಿಲ್ಲ. ಒಬ್ಬರ ಮುಜುಗರದ ಖರ್ಚನ್ನು ಇನ್ನೊಬ್ಬರು ತಮ್ಮ ಬದುಕಿನಿಂದ ತುಂಬಿಕೊಡಬೇಕು ಅನ್ನುವುದು ದುಬಾರಿ ಲೆಕ್ಕ. ಇದೇ ಲೆಕ್ಕದಲ್ಲೇ ಈ ಊರಿನಲ್ಲಿ ಎಷ್ಟೋ ಜನಕ್ಕೆ ಜಾತಿ, ಧರ್ಮ, ಅಡುಗೆಮನೆಯ ವಾಸನೆ ನೋಡಿ ಮನೆ ಇಲ್ಲ ಅನ್ನುತ್ತಾರೆ.

ನಾಲ್ಕನೇ ಜಾಗ ಬಂದಾಗ ಪ್ರಶ್ನೆ ನಮ್ಮ ಕಡೆಗೇ ತಿರುಗಿತು. ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್. ಮರದ ನೆಲ, ಗೋಡೆ ತುಂಬ ಕನ್ನಡಿ, ಗೇಟಿನಲ್ಲಿ ಸೆಕ್ಯುರಿಟಿ, ಬಾಡಿಗೆ ಗಂಟೆಗೆ 400 ರೂಪಾಯಿ, ಡೆಪಾಸಿಟ್ ಇಲ್ಲ. ಅಸೋಸಿಯೇಷನ್ನಿನವರು ಸಭ್ಯರು. "ಮೇಡಂ, ನಮಗೇನೂ ತೊಂದ್ರೆ ಇಲ್ಲ. ನೋಟಿಸ್ ಬೋರ್ಡಲ್ಲಿ ಮಾತ್ರ ಆ ಹೆಸರು ಬೇಡ. ಲೇಡೀಸ್ ಫಿಟ್‌ನೆಸ್ ಅಂತ ಹಾಕೋಣ. ಜನರಲ್ ಬಾಡಿ ಮೀಟಿಂಗಲ್ಲಿ ಸುಮ್ನೆ ಗಲಾಟೆ ಯಾಕೆ?"

ಗಡುವಿಗೆ ಒಂಬತ್ತು ದಿನ ಬಾಕಿ. ನಾನು ತಗೋ ಅಂದೆ. ಹೆಸರಲ್ಲೇನಿದೆ? ಬೆಲ್ಲಿ ಡ್ಯಾನ್ಸ್ ಅನ್ನುವ ಹೆಸರೇ ಜಾತ್ರೆಯವರು ಇಟ್ಟದ್ದು ಅಂದಮೇಲೆ ಅದಕ್ಕೇನು ನಿಷ್ಠೆ? ಕಸರತ್ತು ಅಂತೂ ಆಗುತ್ತದೆ, ಹಾಗಾಗಿ ಫಿಟ್‌ನೆಸ್ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಅದಕ್ಕಿಂತ ದೊಡ್ಡ ವಾದ ಒಂದಿತ್ತು. ಅವಳ ವಿದ್ಯಾರ್ಥಿನಿಯರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ನಿಜ ಹೇಳಿಲ್ಲ. ಒಬ್ಬರು ಅತ್ತೆಗೆ ಯೋಗ ಅಂದಿದ್ದಾರೆ, ಒಬ್ಬಳು ಅಪ್ಪನಿಗೆ ಜುಂಬಾ ಅಂದಿದ್ದಾಳೆ. ಕಲಿಯುವವರೇ ಮುಚ್ಚಿಡುವಾಗ ಕಲಿಸುವವಳ ಬೋರ್ಡ್ ಮಾತ್ರ ಯಾಕೆ ಸತ್ಯಹರಿಶ್ಚಂದ್ರ ಆಗಬೇಕು?

ಅವಳು ಒಪ್ಪಲಿಲ್ಲ. ಆ ರಾತ್ರಿ ದರ್ಶಿನಿಯೊಂದರ ಮುಂದೆ ನಿಂತುಕೊಂಡೇ ಬಹಳ ಹೊತ್ತು ಮಾತಾಡಿದೆವು. ಅವಳ ವಾದ ಹೀಗಿತ್ತು. "ಅವರು ಮನೇಲಿ ಹೇಳೋ ಸುಳ್ಳು ಅವರದ್ದು ಕಣೋ. ಅವರ ಮನೆ ಹೆಂಗಿದೆ ಅಂತ ಅವರಿಗೆ ಗೊತ್ತು. ಯಾವಾಗ ಹೇಳ್ಬೇಕು, ಹೇಳ್ಬೇಕೋ ಬೇಡವೋ, ಅದನ್ನ ಅವರೇ ತೀರ್ಮಾನ ಮಾಡ್ತಾರೆ. ಆದ್ರೆ ನಾನು ಬೋರ್ಡಲ್ಲಿ ಸುಳ್ಳು ಬರೆಸಿದ್ರೆ, ಇದು ಮುಚ್ಚಿಡಬೇಕಾದ್ದು ಅಂತ ನಾನೇ ಅವರಿಗೆ ದಿನಾ ಪಾಠ ಹೇಳಿದಂಗೆ. ಸೊಂಟ ಕಲಿಸೋಕಿಂತ ಮುಂಚೆ ನಾಚಿಕೆ ಕಲಿಸಿದಂಗೆ."

ನನಗೆ ಇದು ಸರಿ ಅನ್ನಿಸಿದ್ದು ಯಾಕೆ ಅಂದರೆ, ನಾವು ಒಂದೇ ಅಂದುಕೊಳ್ಳುವ ಎರಡು ಸಂಗತಿಗಳನ್ನು ಅವಳು ಬೇರೆ ಮಾಡಿದ್ದಳು. ಮರೆ ಬೇರೆ, ಮುಚ್ಚುಮರೆ ಬೇರೆ. ಸ್ನಾನದ ಮನೆಗೆ ಬಾಗಿಲು ಇರುವುದು ಸ್ನಾನ ನಾಚಿಕೆಗೇಡು ಅಂತಲ್ಲ, ಒಳಗಿರುವವರಿಗೆ ನೆಮ್ಮದಿ ಬೇಕು ಅಂತ. ಅದು ಮರೆ. ಒಳಗಿನವರ ಹಿತಕ್ಕೆ, ಅವರ ಕೈಯಲ್ಲೇ ಚಿಲಕ. ಮುಚ್ಚುಮರೆ ಹೊರಗಿನವರ ಕಣ್ಣಿಗೆ ಹೆದರಿ ಮಾಡುವಂಥದ್ದು, ಅದರ ಚಿಲಕ ಹೊರಗಡೆ. ಇವತ್ತು ಗಲಾಟೆ ಆಗಬಾರದು ಅಂತ ಹೆಸರು ಬದಲಿಸಿದರೆ, ನಾಳೆ ಯಾರಿಗೋ ಗೊತ್ತಾದ ದಿನ "ಸುಳ್ಳು ಹೇಳಿ ಸೇರಿಕೊಂಡ್ರು" ಅನ್ನುವ ಮಾತು ಬರುತ್ತದೆ. ಆಗ ತಪ್ಪು ಕುಣಿತದ್ದಲ್ಲದಿದ್ದರೂ ನಿಜವಾಗಿಯೇ ಒಂದು ತಪ್ಪು ಅಲ್ಲಿ ಇರುತ್ತದೆ. ಅಲ್ಲಿಯವರೆಗೆ ಆ 18 ಜನವೂ ಗೇಟಿನ ಸೆಕ್ಯುರಿಟಿ ಮುಂದೆ ಮೈ ಹಿಡಿ ಮಾಡಿಕೊಂಡೇ ನಡೆಯಬೇಕು.

ಆದರೂ ಅವಳ ವಾದದಲ್ಲಿ ಒಂದು ತೊಡಕು ಉಳಿದಿತ್ತು, ನಾನು ಅದನ್ನೇ ಹಿಡಿದೆ. ಬೋರ್ಡ್ ನಿಜ ಹೇಳಿದರೆ, ಅತ್ತೆಗೆ ಯೋಗ ಅಂದವರು ಆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗುವುದು ಹೇಗೆ? ಪರಿಚಯದವರು ರಸ್ತೆಯಲ್ಲಿ ಕಂಡರೆ? ನಿನ್ನ ಪ್ರಾಮಾಣಿಕತೆಯ ಬೆಲೆಯನ್ನು ನಿನಗಿಂತ ಕಡಿಮೆ ಸ್ವಾತಂತ್ರ್ಯ ಇರುವವಳು ಕಟ್ಟಬೇಕಾಗುತ್ತಲ್ಲ? ಸತ್ಯ ಹೇಳುವ ಧೈರ್ಯ ನಮಗಿದೆ ಅಂತ ಬೀಗುವಾಗ ನಾವು ಮರೆಯುವುದು ಇದನ್ನೇ. ಸಂಬಳ, ಸ್ವಂತ ಮನೆ, ಹೊರಟುಹೋಗುವ ದಾರಿ ಇರುವವರಿಗೆ ಸತ್ಯ ಅಗ್ಗ. ಇಲ್ಲದವರಿಗೆ ಅದು ಹತ್ತು ತಿಂಗಳ ಡೆಪಾಸಿಟ್.

ಉತ್ತರ ತತ್ವದಿಂದ ಸಿಗಲಿಲ್ಲ, ಕಟ್ಟಡದಿಂದ ಸಿಕ್ಕಿತು. ಮೆಟ್ರೋ ಸ್ಟೇಷನ್ನಿನಿಂದ ಐದು ನಿಮಿಷ ದೂರದ ಒಂದು ಹಳೇ ಮೂರಂತಸ್ತಿನ ಕಟ್ಟಡ. ಕೆಳಗೆ ಸ್ಟೇಷನರಿ ಅಂಗಡಿ, ಮೊದಲನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಮತ್ತು ಬ್ಲೌಸ್ ಹೊಲಿಯುವ ಟೈಲರ್, ಎರಡನೆಯದರಲ್ಲಿ ಪಿಯುಸಿ ಟ್ಯೂಷನ್, ಮೂರನೆಯದರಲ್ಲಿ ಖಾಲಿ ಹಾಲ್. ಎಲ್ಲರಿಗೂ ಒಂದೇ ಬಾಗಿಲು, ಅಗಲವಾದ ಮೆಟ್ಟಿಲು, ಹಿಂದುಗಡೆ ಇನ್ನೊಂದು ಮೆಟ್ಟಿಲು. ಆ ಬಾಗಿಲು ಹೊಕ್ಕವಳು ಹಲ್ಲು ತೋರಿಸಲು ಬಂದಳೋ, ಬ್ಲೌಸ್ ಅಳತೆಗೆ ಬಂದಳೋ, ಮಗನನ್ನು ಟ್ಯೂಷನ್ನಿಂದ ಕರೆದೊಯ್ಯಲು ಬಂದಳೋ ರಸ್ತೆಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಬೋರ್ಡು ಮೂರನೇ ಮಹಡಿಯಲ್ಲಿ, ಹಾಲಿನ ಬಾಗಿಲ ಪಕ್ಕ, ಪೂರ್ತಿ ನಿಜ ಹೆಸರಿನೊಂದಿಗೆ. ಹೆಸರಿಗೆ ಮರೆ ಬೇಡ, ನಡೆದು ಬರುವವರಿಗೆ ಮರೆ ಬೇಕು. ಜಾಗ ಹುಡುಕುವಾಗ ಇಷ್ಟು ದಿನ ನೆಲ, ಕನ್ನಡಿ, ಬಾಡಿಗೆ ಅಂತ ಪಟ್ಟಿ ಮಾಡಿದ್ದೆವು. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದು ಪಟ್ಟಿಯಲ್ಲಿ ಮೊದಲು ಇರಬೇಕಾದದ್ದು ಅಂತ ಅವತ್ತು ಗೊತ್ತಾಯಿತು.

ಓನರ್ ರಿಟೈರ್ಡ್ ಪಿ.ಟಿ. ಟೀಚರಮ್ಮ. "ಏನು ಕಲಿಸ್ತೀಯಮ್ಮಾ?" ಅಂದರು. ಹೇಳಿದಳು. "ಹಾರೋದು ಜಾಸ್ತೀನಾ?" ಇಲ್ಲ, ಹೆಜ್ಜೆ ಹಗುರ. "ಸದ್ದು?" ಎಂಟೂವರೆಗೆ ಬಂದ್. "ಟ್ಯೂಷನ್ ಹುಡುಗ್ರಿಗೆ ಪರೀಕ್ಷೆ ಇರೋ ತಿಂಗಳು ಎಂಟಕ್ಕೇ ಮುಗಿಸ್ಬೇಕು." ಆಗಲಿ ಆಂಟಿ. "ಈ ಟೈಲ್ಸ್ ಮೇಲೆ ಮಾಡ್ಬೇಡ್ರಮ್ಮಾ, ಮಂಡಿ ಹೋಗುತ್ತೆ." ಯಾರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು. ಡೆಪಾಸಿಟ್ ಹತ್ತು ತಿಂಗಳದ್ದಲ್ಲ, ಆರು ತಿಂಗಳದ್ದು ಸಾಕು, ಉಳಿದದ್ದರಲ್ಲಿ ಮರದ ನೆಲ ಹಾಕಿಸಿಕೋ ಅಂದರು. ಬಾಡಿಗೆ ಕ್ಲಬ್‌ಹೌಸಿನ ಎರಡರಷ್ಟು. ಹಾಗಾಗಿ ಅವಳು ಫೀಸು 500 ರೂಪಾಯಿ ಏರಿಸಬೇಕಾಯಿತು. ಮೂವರು ಬಿಟ್ಟರು. ಆ ಮೂವರಲ್ಲಿ ಒಬ್ಬರು ದುಡ್ಡಿಗಾಗಿಯೇ ಬಿಟ್ಟರು ಅಂತ ಅವಳಿಗೆ ಗೊತ್ತು, ಅದು ಅವಳನ್ನು ಇವತ್ತಿಗೂ ಕೊರೆಯುತ್ತದೆ. ಸರಿಯಾದ ಜಾಗ ಅನ್ನುವುದು ಎಲ್ಲರಿಗೂ ಸರಿಯಾಗುವ ಜಾಗ ಅಲ್ಲ.

ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಹೇಳಿ ಮುಗಿಸುತ್ತೇನೆ. ಜಾಗದಿಂದ ಕೆಲಸಕ್ಕೆ ಮರ್ಯಾದೆ ಬರುವುದು ನಿಜ, ಶಿಕಾಗೋ, ಕೈರೋ, ಅಡ್ಯಾರ್ ಎಲ್ಲವೂ ಅದಕ್ಕೆ ಸಾಕ್ಷಿ. ಆದರೆ ಹಾಗೆ ಬಂದ ಮರ್ಯಾದೆ ಸಾಲದ ಹಾಗೆ, ಅದಕ್ಕೆ ಬಡ್ಡಿ ಇದೆ. ಕುಣಿತ ಸಭಾಂಗಣಕ್ಕೆ ಹೋದಾಗ ಅದನ್ನು ಕಾಪಾಡಿದ ಎಷ್ಟೋ ಹೆಂಗಸರು ಹೊರಗೇ ಉಳಿದರು. ಅದಕ್ಕೇ ಗೌರವಸ್ಥ ಜಾಗ ಯಾವುದು ಅಂತ ಹುಡುಕುವುದಕ್ಕಿಂತ, ಒಳಗೆ ಬರುವವರನ್ನು ಗೌರವಿಸುವ ಜಾಗ ಯಾವುದು ಅಂತ ಹುಡುಕುವುದು ಲೇಸು. ಅದನ್ನು ಅಳೆಯಲು ದೊಡ್ಡ ತತ್ವ ಬೇಡ. ನೆಲ ಮೊಣಕಾಲನ್ನು ನೋಡಿಕೊಳ್ಳುತ್ತದಾ? ಚಿಲಕ ಒಳಗಡೆ ಇದೆಯಾ? ಬೆಂಕಿ ಬಿದ್ದರೆ ದಾರಿ ಇದೆಯಾ? ಹೆಸರು ನಿಜ ಇದೆಯಾ? ಬರುವವಳು ಯಾರಿಗೂ ಲೆಕ್ಕ ಕೊಡದೆ ಬಂದು ಹೋಗಬಹುದಾ?

ರಕ್ಸ್ ಶರ್ಕಿಗೆ ಇನ್ನೊಂದು ಸೋದರ ಇದೆ, ಬಲದೀ ಅಂತ. ಹಳ್ಳಿಗಳಿಂದ ಕೈರೋಗೆ ಗುಳೆ ಬಂದವರು ಜತೆಗೆ ತಂದ ಕುಣಿತ. ಆ ಪದದ ಅರ್ಥ 'ನಮ್ಮೂರಿನದು'. ಪೇಟೆಯವರು ಅದನ್ನೇ 'ಹಳ್ಳಿಗುಗ್ಗು' ಎಂಬರ್ಥದಲ್ಲೂ ಬಳಸುತ್ತಾರಂತೆ. ಅದಕ್ಕೆ ವೇದಿಕೆ ಬೇಡ, ಒಂದು ಚಾಪೆಯಷ್ಟು ಜಾಗ ಸಾಕು. ಇದನ್ನು ಕೇಳಿದಾಗ ನನಗೆ ಬಹಳ ಖುಷಿಯಾಯಿತು. ಹಳ್ಳಿ ಬಿಟ್ಟು ಪೇಟೆಗೆ ಬಂದ ಯಾರೇ ಆದರೂ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಕೇಳುವುದು ಅಷ್ಟನ್ನೇ. ಒಂದು ಚಾಪೆಯಷ್ಟು ಜಾಗ, ಸ್ವಂತ ಹೆಸರಿನಲ್ಲಿ.